ಹಲ್ಲಿನ ಜ್ವರ

ಬೆಳಿಗ್ಗೆ ಒಂಬತ್ತೂವರೆಗೆ ಮೊಮ್ಮಗಳು ಧನುಶ್ರೀ ವೇಣುಗೋಪಾಲರ ತೋರುಬೆರಳನ್ನು ಕಚ್ಚಿದಳು. ಬೆರಳು ಉರಿಯಿತು, ಆದರೆ ಅವರು ಅದನ್ನು ಅವಳ ಬಾಯಿಂದ ತೆಗೆಯಲಿಲ್ಲ. ಯಾವ ಕಡೆಯಿಂದ ಕಚ್ಚುತ್ತಾಳೆ ಎಂದು ತಿಳಿಯಬೇಕಿತ್ತು. ಎಡಗಡೆಯಿಂದ ಕಚ್ಚುತ್ತಿದ್ದಳು. ಬೆರಳನ್ನು ಬಲಗಡೆಗೆ ಸರಿಸಿದರೆ ಮುಖ ಕಿವುಚಿ ತಲೆ ಕೊಡವುತ್ತಿದ್ದಳು. ಅಲ್ಲಿ ಕೆಳದವಡೆಯ ಹಿಂಭಾಗದಲ್ಲಿ ಒಸಡು ಊದಿಕೊಂಡಿತ್ತು, ಅದರಡಿಯಲ್ಲಿ ಏನೋ ಗಟ್ಟಿಯಾದದ್ದು ಬೆರಳಿಗೆ ತಗುಲಿತು. ಮೂವತ್ತನಾಲ್ಕು ವರ್ಷ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ, ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವ ವಿಭಾಗದಲ್ಲಿ ದುಡಿದ ಬೆರಳು ಅದು. ಲೋಹದ ಮೇಲಿನ ಕೂದಲೆಳೆಯಷ್ಟು ಉಬ್ಬನ್ನೂ ಕಣ್ಣು ಮುಚ್ಚಿ ಹೇಳಿಬಿಡುತ್ತಿತ್ತು. ಒಂದು ವರ್ಷ ನಾಲ್ಕು ತಿಂಗಳಿನ ಮಗುವಿನ ಬಾಯಲ್ಲಿ ಆ ಬೆರಳಿಗೆ ಒಂದು ದವಡೆ ಹಲ್ಲು ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಿನ್ನೆ ಸಂಜೆಯಿಂದಲೇ ಮಗು ಕಿರಿಕಿರಿ ಮಾಡುತ್ತಿತ್ತು. ಜೊಲ್ಲು ಸುರಿದು ಅಂಗಿಯ ಎದೆಯೆಲ್ಲ ಒದ್ದೆ, ಗಲ್ಲದ ಕೆಳಗೆ ಸಣ್ಣ ಕೆಂಪು ಗುಳ್ಳೆಗಳು, ಟಿವಿ ರಿಮೋಟು, ಚಪ್ಪಲಿ, ಸೋಫಾದ ಅಂಚು ಎಲ್ಲವೂ ಬಾಯಿಗೆ. ಎಲ್ಲವೂ ಹಲ್ಲಿನ ಲಕ್ಷಣವೇ. ವಾರದಿಂದ ಸ್ವಲ್ಪ ನೆಗಡಿಯೂ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಗಳು ಭಾವನಾ ಮಹಡಿಯ ಮನೆಯಿಂದ ಮಗುವನ್ನು ಇಳಿಸಿಕೊಂಡು ಬಂದು ಅವರ ಕೈಗೆ ಕೊಟ್ಟಾಗ ಎಂಟು ಗಂಟೆ. ಆಗಲೇ ಜ್ವರ ನೋಡಿ, ತೊಂಬತ್ತೊಂಬತ್ತು ಪಾಯಿಂಟ್ ಎರಡು ಎಂದು ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ, ಅಂದಿನ ಚೌಕದೊಳಗೆ ಏಕಾದಶಿ ಎಂದು ಅಚ್ಚಾಗಿದ್ದ ಕಡೆ ಪೆನ್ಸಿಲಿನಲ್ಲಿ ಬರೆದರು. ಭಾವನಾ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು.

"ಅಪ್ಪ, ಹಲ್ಲು ಅಷ್ಟೇ. ಬಟ್ಟೆ ಒದ್ದೆ ಮಾಡಿ ಫ್ರಿಜ್ಜಲ್ಲಿಟ್ಟಿದೀನಿ, ಕಚ್ಚೋಕೆ ಕೊಡು. ಇವತ್ತು ಹನ್ನೊಂದಕ್ಕೆ ದೊಡ್ಡ ಮೀಟಿಂಗಿದೆ. ಫೋನ್ ಮಾಡ್ಬೇಡ ಅಂತಲ್ಲ."

"ಮಾಡಲ್ಲ ಬಿಡು."

"ಬೇಕಾದ್ರೆ ಮಾಡು ಅಂದೆ. ಬೇಕಾದ್ರೆ."

ಹೋದ ತಿಂಗಳು ಹದಿನೈದು ದಿನದಲ್ಲಿ ಮೂರು ಸಲ ಫೋನು ಮಾಡಿ, ಹೆಬ್ಬಾಳದ ಹತ್ತಿರದ ಆಫೀಸಿನಿಂದ ಅವಳನ್ನು ಓಡಿಬರುವಂತೆ ಮಾಡಿದ್ದರು. ಮೂರು ಸಲವೂ ವಿದ್ಯಾರಣ್ಯಪುರದ ಮಕ್ಕಳ ಡಾಕ್ಟರು ತಸ್ನೀಮ್, ಬೇಸರ ತೋರಿಸದೆ, ಹಲ್ಲು ಸರ್, ಬೇರೇನೂ ಇಲ್ಲ ಎಂದು ಕಳಿಸಿದ್ದರು. ಮೂರನೇ ಸಲ ಮೆಟ್ಟಿಲ ಮೇಲೆ ಭಾವನಾ ಹಿಂದಿರುಗಿ ನೋಡದೆ, "ನಿನಗೆ ಇಷ್ಟು ಟೆನ್ಶನ್ ಆಗೋದಾದ್ರೆ ಡೇಕೇರ್‌ಗೆ ಹಾಕ್ತೀನಪ್ಪ, ಬೇಜಾರಿಲ್ಲ" ಎಂದಿದ್ದಳು. ಬೇಜಾರಿಲ್ಲ ಎಂದದ್ದು ಯಾರ ಪರವಾಗಿ ಎಂದು ವೇಣುಗೋಪಾಲರಿಗೆ ಇನ್ನೂ ತಿಳಿದಿಲ್ಲ. ಅಮೃತಹಳ್ಳಿಯ ಯಾವುದೋ ಡೇಕೇರಿನ ಬಣ್ಣದ ಕಾಗದ ಒಂದು ವಾರದಿಂದ ಫ್ರಿಜ್ಜಿನ ಮೇಲೆ ಆಯಸ್ಕಾಂತದಡಿ ಸಿಕ್ಕಿಕೊಂಡಿದೆ. ಹಾಲು ತೆಗೆಯುವಾಗಲೆಲ್ಲ ಅದರಲ್ಲಿರುವ ನಗುವ ಮಕ್ಕಳು ಅವರನ್ನು ನೋಡುತ್ತವೆ. ಧನುಶ್ರೀ ಇಲ್ಲದ ಮಧ್ಯಾಹ್ನ ಹೇಗಿರುತ್ತದೆ ಎಂದು ಯೋಚಿಸಲು ಅವರಿಗೆ ಧೈರ್ಯವಿರಲಿಲ್ಲ. ನಿವೃತ್ತಿಯಾಗಿ ಆರು ವರ್ಷ. ಅದರಲ್ಲಿ ನಾಲ್ಕೂವರೆ ವರ್ಷ ಏನು ಮಾಡಿದೆ ಎಂದು ಕೇಳಿದರೆ ಪೇಪರ್ ಓದಿದೆ ಎಂದಷ್ಟೇ ಹೇಳಬಹುದಿತ್ತು.

ಮಗು ಈಗ ನೆಲದ ಮೇಲೆ ಕೂತು ತಣ್ಣನೆಯ ಬಟ್ಟೆಯನ್ನು ಕಚ್ಚಿ ನೋಡಿತು, ಆಶ್ಚರ್ಯಪಟ್ಟಂತೆ ಅದನ್ನು ಬಾಯಿಂದ ತೆಗೆದು ದಿಟ್ಟಿಸಿತು, ಮತ್ತೆ ಕಚ್ಚಿತು. ನೋವು ಎಂಬುದು ಅದಕ್ಕೆ ಇನ್ನೂ ಹೊಸದು. ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲ, ತನ್ನದು ಎಂದು ಕೂಡ ಗೊತ್ತಿದ್ದಂತಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಬಟ್ಟೆಯನ್ನು ತಾತನ ಮಂಡಿಯ ಮೇಲಿಟ್ಟು, ತಗೋ, ಇದನ್ನು ನೀನೇ ಇಟ್ಟುಕೋ ಎನ್ನುವ ಹಾಗೆ ಮುಖ ನೋಡಿತು. ಆಮೇಲೆ ತನ್ನ ಬಲಗಿವಿಯನ್ನು ಹಿಡಿದು ಎಳೆದುಕೊಂಡಿತು. ಬಲಗಿವಿಯನ್ನೇ. ಹಲ್ಲು ಬರುವಾಗಲೂ ಮಕ್ಕಳು ಕಿವಿ ಎಳೆದುಕೊಳ್ಳುತ್ತವೆ, ಒಸಡಿನ ನೋವು ಕಿವಿಯವರೆಗೆ ಹೋಗುತ್ತದೆ ಎಂದು ತಸ್ನೀಮ್ ಡಾಕ್ಟರು ಹೋದ ತಿಂಗಳು ಹೇಳಿದ್ದರು. ಹಾಗಾದರೆ ಇದರಿಂದ ಏನೂ ತೀರ್ಮಾನವಾಗುವುದಿಲ್ಲ. ಕಿವಿಯಲ್ಲಿ ತೊಂದರೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ವೇಣುಗೋಪಾಲರಿಗೆ ಇಂಥ ಲಕ್ಷಣಗಳ ಮೇಲೆ ಮೊದಲಿಂದಲೂ ಸಿಟ್ಟು. ಎರಡು ಬೇರೆ ಬೇರೆ ದೋಷಕ್ಕೆ ಮುಳ್ಳು ಒಂದೇ ಕಡೆ ವಾಲಿದರೆ ಆ ಯಂತ್ರವನ್ನು ಬಿಚ್ಚಿ ನೋಡದೆ ಗತಿಯಿಲ್ಲ. ಮಗುವನ್ನು ಬಿಚ್ಚಿ ನೋಡುವ ಹಾಗಿಲ್ಲ.

ಹಾಲಿನ ಬಾಟಲಿ ಕೊಟ್ಟರು. ಆಸೆಯಿಂದ ಹಿಡಿದು ಎರಡು ಗುಟುಕು ಕುಡಿದವಳು ಚೀರಿ ಬಾಟಲಿಯನ್ನು ದೂಡಿದಳು. ತೊಡೆಯ ಮೇಲೆ ಮಲಗಿಸಿಕೊಂಡರು. ಬೆನ್ನು ತಾಗಿದ್ದೇ ತಡ ಅಳು ಏರಿತು. ಎತ್ತಿ ಭುಜಕ್ಕೆ ಹಾಕಿಕೊಂಡರೆ ಇಳಿಯಿತು. ಕಿವಿಯ ನೋವಾದರೆ ಮಲಗಿದಾಗ ಹೆಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು. ಮತ್ತೆ ಮಲಗಿಸಿದರು. ಮತ್ತೆ ಅಳು. ಮೂರನೇ ಸಲ ಮಲಗಿಸುವಾಗ ಅವರ ಕೈಗೇ ನಾಚಿಕೆಯಾಯಿತು, ನೋವು ಗೊತ್ತಿದ್ದೂ ನೋವು ಕೊಡುತ್ತಿದ್ದೇನಲ್ಲ ಎಂದು, ಆದರೂ ಮಲಗಿಸಿದರು. ಒಂದೇ ಅಳತೆಯನ್ನು ನಂಬಬಾರದು, ಮೂರು ಸಲ ನೋಡಬೇಕು, ಮೂರೂ ಹೊಂದಿದರೆ ಮಾತ್ರ ಬರೆಯಬೇಕು ಎಂದು ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದವರು ಅವರೇ. ಹೊಸ ಹುಡುಗಿಯರು ಬೆನ್ನ ಹಿಂದೆ ಅವರನ್ನು ಮೂರ್ಸಲ ಮಾಮ ಎನ್ನುತ್ತಿದ್ದರಂತೆ. ಅದನ್ನು ಕೇಳಿ ಅವರು ಒಳಗೊಳಗೇ ಹಿಗ್ಗಿದ್ದರು. ಕೆಲಸದ ಮೇಜಿನ ಮುಂದೆ ಮಾತ್ರ ಆ ನಿಯಮ, ಮನೆಯಲ್ಲಿ ಅಲ್ಲ ಎಂಬುದು ಅವರಿಗೂ ಅವರ ಹೆಂಡತಿ ಸತ್ಯವತಿಗೂ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಮೂವತ್ತೆರಡು ವರ್ಷದ ಹಿಂದಿನ ಮಾತು, ಯಶವಂತಪುರದ ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದಿನ ಕಿಟಕಿಯಾಚೆ ರೈಲಿನ ಸದ್ದು. ಭಾವನಾಗೆ ಹತ್ತು ತಿಂಗಳಾದರೂ ಒಂದು ಹಲ್ಲೂ ಬಂದಿರಲಿಲ್ಲ. ಬಂದುಹೋದವರೆಲ್ಲ ಮಗುವಿನ ತುಟಿ ಎತ್ತಿ ನೋಡಿ, ಇನ್ನೂ ಇಲ್ವಾ ಎಂದು ಕೇಳುತ್ತಿದ್ದರು, ತಪ್ಪು ಅಪ್ಪನದೇ ಎಂಬಂತೆ. ಆಮೇಲೆ ಒಂದು ದಿನ ಜ್ವರ ಬಂತು. ಮಗು ಕಿವಿ ಹಿಡಿದುಕೊಂಡು ಅಳುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದಳು ಸತ್ಯವತಿ. ಹಲ್ಲಿನ ಜ್ವರ ಕಣೇ, ಹಲ್ಲು ಬಂದ ಮೇಲೆ ತಾನೇ ಬಿಡತ್ತೆ ಎಂದರು ಅವರು. ಅವರಿಗೆ ಆ ಹಲ್ಲು ಬೇಕಿತ್ತು. ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಆರಿಸಿ, ಎರಡು ತೊಟ್ಟು ಕಿವಿಗೆ ಬಿಟ್ಟು ಹತ್ತಿ ಇಟ್ಟರು. ಅವರ ತಾಯಿ ಅವರಿಗೆ ಹಾಗೆಯೇ ಮಾಡಿದ್ದಳು. ಎರಡನೇ ದಿನವೂ ಹೋಗೋಣ ಎಂದಳು. ಮೂರನೇ ದಿನವೂ ಅಂದಳು, ಆಗ ದನಿ ಏರಿತ್ತು, ಅವರದೂ ಏರಿತು. ನಾಲ್ಕನೇ ದಿನ ಬೆಳಿಗ್ಗೆ ಮಗು ಎದ್ದಾಗ ಅಳಲಿಲ್ಲ. ಮೈ ತಣ್ಣಗಿತ್ತು. ನಗುತ್ತಿತ್ತು. ನಕ್ಕಾಗ ಕೆಳಗಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ ಕಂಡಿತು. ವೇಣುಗೋಪಾಲರು ಸ್ಟೀಲಿನ ಚಮಚ ತಂದು ಅದಕ್ಕೆ ಮೆಲ್ಲಗೆ ತಟ್ಟಿದರು. ಟಿಣ್ ಎಂದಿತು. "ಕೇಳಿಸ್ತಾ?" ಎಂದು ಸತ್ಯವತಿಯನ್ನು ಕೇಳಿದರು. ಅಕ್ಕಪಕ್ಕದವರನ್ನೂ ಕರೆದು ಟಿಣ್ ಎನ್ನಿಸಿ ತೋರಿಸಿದರು. ಅಂದು ಅವರು ಗೆದ್ದಿದ್ದರು.

ತಿಂಗಳು ಕಳೆದ ಮೇಲೆ ಕಿವಿ ಸೋರುವುದನ್ನು ನೋಡಿ ಹೋದಾಗ ಯಶವಂತಪುರದ ಮುದಿ ಡಾಕ್ಟರು ಹೇಳಿದ್ದು ಇಷ್ಟು: ಕಿವಿಯ ಒಳಗೆ ಕೀವು ತುಂಬಿ ಒತ್ತುತ್ತಿತ್ತು, ಒಂದು ದಿನ ಕಿವಿತಮಟೆ ಹರಿದು ಕೀವು ಹೊರಗೆ ಬಂತು, ಒತ್ತಡ ಹೋಯಿತು, ಅದಕ್ಕೇ ನೋವೂ ಜ್ವರವೂ ಇಳಿದವು. ಹಲ್ಲು ಅದೇ ದಿನ ಬಂದದ್ದು ಅದರ ಪಾಡಿಗೆ. ಆಮೇಲೆ ಎರಡು ವರ್ಷ ಔಷಧಿ, ಮತ್ತೆ ಸೋರುವುದು, ಮತ್ತೆ ಔಷಧಿ. ಕೊನೆಗೆ ಸೋರುವುದು ನಿಂತಿತು. ಕೇಳಿಸುವುದೂ ನಿಂತಿತ್ತು.

ಭಾವನಾಗೆ ಎಡಗಿವಿ ಕೇಳುವುದಿಲ್ಲ. ಮಾತಾಡುವಾಗ ತಲೆಯನ್ನು ಕೊಂಚ ತಿರುಗಿಸಿ ಬಲಗಿವಿಯನ್ನು ಮುಂದಕ್ಕೆ ತರುತ್ತಾಳೆ, ಹೊಸಬರು ಅದನ್ನು ಜಂಭ ಎಂದುಕೊಳ್ಳುತ್ತಾರೆ. ಶಾಲೆಗೆ ಸೇರಿಸುವಾಗ ಮೇಡಂ ಕೇಳಿದ್ದಕ್ಕೆ ವೇಣುಗೋಪಾಲರು, ಹುಟ್ಟಿನಿಂದಲೇ ಹಾಗೆ ಎಂದಿದ್ದರು. ಬಾಯಿಗೆ ಬಂದದ್ದು, ಯೋಚಿಸಿ ಹೇಳಿದ್ದಲ್ಲ. ಪಕ್ಕದ ಕುರ್ಚಿಯಲ್ಲಿ ಸತ್ಯವತಿ ಇದ್ದಳು. ಗಂಡನ ಕಡೆ ತಿರುಗಲಿಲ್ಲ, ಮಗಳ ಜಡೆಯ ರಿಬ್ಬನ್ ಸರಿಮಾಡುತ್ತ ಕೂತಳು. ಆ ಮಾತು ಮನೆಗೆ ಬಂದು ಅಲ್ಲೇ ಉಳಿದುಕೊಂಡಿತು. ಭಾವನಾ ಅದನ್ನು ನಂಬಿ ಬೆಳೆದಳು. ಅಂದಿನಿಂದ ಅವರಿಗೆ ಒಂದು ಅಭ್ಯಾಸ, ಎಲ್ಲಿ ಹೋದರೂ ಮಗಳ ಎಡಗಡೆ ಕೂರುವುದು. ಅಲ್ಲಿ ಕೂತು ಒಂದೆರಡು ಸಲ ಆ ಸಂಗತಿಯನ್ನು ಹೇಳಿಯೂ ಇದ್ದಾರೆ. ಅವಳ ಮದುವೆಯಲ್ಲಿ, ಓಲಗದವರು ಜೋರು ಮಾಡಿದಾಗ, ಮಣೆಯ ಪಕ್ಕ ಬಗ್ಗಿ ಎಡಗಿವಿಗೆ, ತಪ್ಪು ನನ್ನದು ಮಗಳೇ ಎಂದಿದ್ದರು. ತುಟಿಯಾಡಿದ್ದನ್ನು ಕಂಡು ಅವಳು ತಲೆ ತಿರುಗಿಸಿ, ಏನಪ್ಪ ಎಂದಳು. ಏನಿಲ್ಲ, ಸೆರಗು ಸರಿಮಾಡ್ಕೋ ಅಂದೆ ಎಂದರು. ಹೇಳಿದ್ದೇನೆ ಎಂಬ ಲೆಕ್ಕವೂ ಆಯಿತು, ಅವಳಿಗೆ ಗೊತ್ತಾಗಲೂ ಇಲ್ಲ. ಎಂಥ ಮನುಷ್ಯ ಎಂದು ತಮ್ಮನ್ನೇ ಬೈದುಕೊಂಡರು, ಊಟಕ್ಕೆ ಬಂದವರಿಗೆ ಕೈಮುಗಿಯುತ್ತ.

ಭುಜದ ಮೇಲೆ ಧನುಶ್ರೀ ಸುಮ್ಮನಾದಳು. ಒಂದು ನಿಮಿಷದ ಹಿಂದೆ ಬಿಕ್ಕುತ್ತಿದ್ದವಳು ಈಗ ಕತ್ತಿಗೆ ಮೂಗು ಒತ್ತಿಕೊಂಡು ಮಲಗಿದ್ದಳು. ಬೇರೆ ಯಾವ ತಾತನಾದರೂ ಉಸ್ಸೆಂದು ಕೂರುತ್ತಿದ್ದ. ವೇಣುಗೋಪಾಲರಿಗೆ ಅಳು ಹೀಗೆಯೇ ನಿಂತುಹೋಗಿದ್ದ ಇನ್ನೊಂದು ಬೆಳಿಗ್ಗೆ ನೆನಪಾಯಿತು. ಮಗುವನ್ನು ನೆಟ್ಟಗೆ ಹಿಡಿದುಕೊಂಡೇ ಕೋಣೆಗೆ ಹೋಗಿ, ಮಂಚದ ಪಕ್ಕ ಒಂದು ಮಂಡಿಯೂರಿ, ಅವಳು ಬೆಳಿಗ್ಗೆ ತಲೆಯಿಟ್ಟಿದ್ದ ಸಾಸಿವೆ ತುಂಬಿದ ಪುಟ್ಟ ದಿಂಬನ್ನು ಮೂಗಿಗೆ ಹಿಡಿದು ಮೂಸಿದರು. ತಿರುಗಿಸಿ ಆ ಕಡೆಯೂ ಮೂಸಿದರು. ಹಾಲಿನ ಹುಳಿವಾಸನೆ, ಜೊಲ್ಲು, ಬೇಬಿ ಪೌಡರು. ಬೇರೆ ಇಲ್ಲ. ಎದುರಿನ ಕನ್ನಡಿಯಲ್ಲಿ ಒಬ್ಬ ಮುದುಕ ನಾಯಿಯ ಹಾಗೆ ದಿಂಬು ಮೂಸುತ್ತಿರುವುದು ಕಾಣಿಸಿತು. ಅವನನ್ನು ನೋಡಿ ನಗು ಬರಬೇಕಿತ್ತು.

ಆ ದಿನದ ದಿಂಬಿನ ವಿಷಯ ಸತ್ಯವತಿಗೂ ಗೊತ್ತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ, ಚಮಚ ತರುವುದಕ್ಕೆ ಮುಂಚೆ, ಭಾವನಾಳ ದಿಂಬಿನ ಮೇಲೆ ಹಳದಿ ಕಲೆಯನ್ನು ಅವರು ಕಂಡಿದ್ದರು. ಬೆಳ್ಳುಳ್ಳಿ ಎಣ್ಣೆ ಎಂದುಕೊಂಡರು. ಎಣ್ಣೆಯ ವಾಸನೆಯಲ್ಲ ಎಂದು ಮೂಗು ಹೇಳಿತು. ದಿಂಬನ್ನು ಮಗುಚಿ ಹಾಕಿ ಹಲ್ಲು ನೋಡಲು ಹೋದರು.

ಸತ್ಯವತಿ ಎರಡು ದಿನದಿಂದ ಚಿಕ್ಕಬಾಣಾವರದಲ್ಲಿ, ಮಂಡಿ ಆಪರೇಷನ್ನಾದ ತಂಗಿಯ ಮನೆಯಲ್ಲಿದ್ದಳು. ಅವಳಿಗೆ ಫೋನು ಹಚ್ಚಿ ಮಗುವಿಗೆ ಮೈ ಬಿಸಿ ಇದೆ, ಹಾಲು ಕುಡಿಯುತ್ತಿಲ್ಲ ಎಂದರು. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅದು ನಿಲ್ಲುವವರೆಗೆ ಇಬ್ಬರೂ ಕಾದರು.

"ಒಸಡು ಊದಿದೆ. ಬಹುಶಃ..." ಎಂದು ಶುರುಮಾಡಿದರು.

"ಬೇರೆ ಏನ್ ಬೇಕಾದ್ರೂ ಹೇಳಿ. ಆ ಮಾತು ಮಾತ್ರ ನನ್ನ ಹತ್ರ ಆಡ್ಬೇಡಿ," ಎಂದಳು ಸತ್ಯವತಿ.

ಮೂವತ್ತೆರಡು ವರ್ಷದಲ್ಲಿ ಅವಳು ಆ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ಅವರು ಹೂಂ ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಥರ್ಮಾಮೀಟರನ್ನು ಮಗುವಿನ ಕಂಕುಳಲ್ಲಿಟ್ಟರು: ನೂರಾ ಒಂದು ಪಾಯಿಂಟ್ ನಾಲ್ಕು. ಕೊಡವಿ ಮತ್ತೆ ಇಟ್ಟರು. ಮತ್ತೆ ಅಷ್ಟೇ. ಮೂರನೆಯದು ನೂರಾ ಒಂದೂವರೆ. ಹಲ್ಲಿಗೆ ಮೈ ಕೊಂಚ ಬೆಚ್ಚಗಾಗಬಹುದು, ನೂರು ದಾಟಿ ಏರುತ್ತಿದ್ದರೆ ಹಲ್ಲಿನ ಮೇಲೆ ಹಾಕಬೇಡಿ ಎಂದೂ ತಸ್ನೀಮ್ ಹೇಳಿದ್ದರು. ಫ್ರಿಜ್ಜಿನ ಮೇಲಿನ ನಗುವ ಮಕ್ಕಳ ಕಡೆ ಒಮ್ಮೆ ನೋಡಿದರು. ಈ ಸಲವೂ ಹಲ್ಲೇ ಆಗಿದ್ದರೆ ಆ ಕಾಗದ ಅಲ್ಲಿಂದ ಇಳಿದು ಭಾವನಾಳ ಚೀಲಕ್ಕೆ ಹೋಗುತ್ತದೆ. ಮಧ್ಯಾಹ್ನದವರೆಗೆ ಕಾದು ನೋಡಿದರೆ ಯಾರೂ ಏನೂ ಅನ್ನುವುದಿಲ್ಲ. ಕಾದು ನೋಡುವುದು ಅವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಹತ್ತೂ ಮುಕ್ಕಾಲಿಗೆ ಭಾವನಾಗೆ ಫೋನು ಮಾಡಿದರು.

"ಹೇಳಪ್ಪ." ದನಿಯಲ್ಲಿ ಮೀಟಿಂಗ್ ಇತ್ತು.

"ನೂರಾ ಒಂದೂವರೆ. ಮೂರು ಸಲ ನೋಡ್ದೆ. ಮಲಗಿಸಿದ್ರೆ ಅಳ್ತಾಳೆ, ಎತ್ಕೊಂಡ್ರೆ ಸುಮ್ನಾಗ್ತಾಳೆ."

"ಹಲ್ಲಲ್ವಾ?"

"ಹಲ್ಲಿದೆ. ಬೆರಳಿಗೆ ಸಿಕ್ತು. ಆದ್ರೆ ಬರೀ ಹಲ್ಲಲ್ಲ ಅನ್ಸತ್ತೆ. ನಾನು ಡಾಕ್ಟ್ರ ಹತ್ರ ಹೋಗ್ತಿದೀನಿ. ನೀನು ಬರ್ಲೇಬೇಕು ಅಂತೇನಿಲ್ಲ."

"ಬರ್ತೀನಿ," ಎಂದಳು.

ಕ್ಲಿನಿಕ್ಕು ಎರಡು ಅಡ್ಡರಸ್ತೆ ದಾಟಿದರೆ, ಮೆಡಿಕಲ್ ಶಾಪಿನ ಪಕ್ಕ. ಬಿಸಿಲಿಗೆ ಮಗುವಿನ ತಲೆಯ ಮೇಲೆ ಟವೆಲ್ ಹೊದಿಸಿ ನಡೆದುಕೊಂಡೇ ಹೋದರು. ಟವೆಲಿನಡಿಯಿಂದ ಬಿಸಿ ಉಸಿರು ಕತ್ತಿಗೆ ಬಡಿಯುತ್ತಿತ್ತು. ಹಲ್ಲೇ ಆಗಿರಲಿ ಎಂದು ಬೇಡಿಕೊಂಡರು. ಎರಡು ಹೆಜ್ಜೆ ಹೋಗಿ, ಹಲ್ಲಲ್ಲದೆ ಬೇರೆ ಏನಾದರೂ ಆಗಿರಲಿ, ನನ್ನ ಮಾತು ಉಳಿಯಲಿ ಎಂದೂ ಅನ್ನಿಸಿತು. ಅನ್ನಿಸಿದ್ದಕ್ಕೆ ಅಲ್ಲೇ ನಿಂತುಬಿಟ್ಟರು. ಮಗುವಿಗೆ ಕಾಯಿಲೆ ಬಯಸುವಷ್ಟು ತಮ್ಮ ಮಾತು ದೊಡ್ಡದೇ? ಅಂದೂ ಇದೇ ಆಗಿದ್ದು. ಅಂದು ಹಲ್ಲನ್ನು ಬಯಸಿದ್ದರು, ಇಂದು ಇದನ್ನು. ಎಳನೀರಿನ ಗಾಡಿಯವನು, ಏನ್ ಸಾರ್, ಮಗೀಗೆ ಉಸಾರಿಲ್ವಾ ಎಂದು ಕೇಳಿದ. ಇಲ್ಲಪ್ಪ ಎಂದು ಹೇಳಿ ನಡೆದರು.

ಭಾವನಾ ಬರುವಷ್ಟರಲ್ಲಿ ಅವರ ಸರದಿ ಬಂದಿತ್ತು. ಅವಳು ಕೊರಳಿನ ಆಫೀಸ್ ಕಾರ್ಡನ್ನು ತೆಗೆಯದೆ ಮಗುವನ್ನು ತೊಡೆಯ ಮೇಲೆ ಅಪ್ಪಿ ಹಿಡಿದು ಕೂತಳು. ತಸ್ನೀಮ್ ಡಾಕ್ಟರು ಗಂಟಲು ನೋಡಿದರು, ಎದೆ ಕೇಳಿದರು, ಒಸಡು ಮುಟ್ಟಿದರು. "ದವಡೆ ಹಲ್ಲು ಬರ್ತಿದೆ," ಎಂದರು. ಭಾವನಾ ಅಪ್ಪನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟದ್ದು ಅವರಿಗೆ ಕಂಡಿತು. ಡಾಕ್ಟರು ಆಮೇಲೆ ಪುಟ್ಟ ದೀಪವೂ ಭೂತಗಾಜೂ ಇದ್ದ ಸಣ್ಣ ಕೊಳವೆಯನ್ನು ಬಲಗಿವಿಗೆ ಹಿಡಿದು ಬಗ್ಗಿದರು. ಮಗು ಕಿರುಚಿತು. ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು.

"ಕಿವೀನೂ ಕೆಟ್ಟಿದೆ. ನೆಗಡಿಯಿಂದ ಒಳಗೆ ಸೋಂಕಾಗಿದೆ, ಕೀವು ತುಂಬ್ಕೊಂಡಿದೆ. ಬೇಗ ತಂದ್ರಿ ಸರ್, ಒಳ್ಳೇದಾಯ್ತು. ಹಲ್ಲೂ ಬರ್ತಿದ್ರೆ ಎಲ್ರೂ ಅದೇ ಅನ್ಕೊಂಡು ಬಿಟ್ಬಿಡ್ತಾರೆ."

ವೇಣುಗೋಪಾಲರು ಒಂದು ಹೆಜ್ಜೆ ಮುಂದೆ ಬಂದರು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಾನೊಂದ್ಸಲ ನೋಡ್ಬಹುದಾ?"

"ಅಪ್ಪ," ಎಂದಳು ಭಾವನಾ.

ತಸ್ನೀಮ್ ನಕ್ಕರು. ಇಂಥದ್ದನ್ನು ಕೇಳಿದವರು ಕಡಿಮೆ ಇರಬೇಕು. ಕೊಳವೆಯನ್ನು ಮತ್ತೆ ಇಟ್ಟು, ತಾವೇ ಹಿಡಿದುಕೊಂಡು, ಬಗ್ಗಿ ಎಂದರು. ವೇಣುಗೋಪಾಲರು ಒಂದು ಕಣ್ಣು ಮುಚ್ಚಿ, ಅಭ್ಯಾಸವಾಗಿದ್ದ ಹಾಗೆ, ಇನ್ನೊಂದನ್ನು ಭೂತಗಾಜಿಗೆ ಒತ್ತಿದರು. ಬೆಳಕಿನ ಸಣ್ಣ ಓಣಿ, ಅದರ ಕೊನೆಯಲ್ಲಿ ಕೆಂಪಗೆ ಉಬ್ಬಿ ಬಿಗಿದ ಒಂದು ಪೊರೆ. ಹಣ್ಣಾದ ಟೊಮೆಟೊದ ಸಿಪ್ಪೆಯ ಹಾಗಿತ್ತು. "ಚೆನ್ನಾಗಿರೋದು ಹೆಂಗಿರತ್ತೆ?" ಎಂದು ಕೇಳಿದರು. ಡಾಕ್ಟರು ಎಡಗಿವಿಯನ್ನು ತೋರಿಸಿದರು. ಅಲ್ಲಿದ್ದದ್ದು ಈರುಳ್ಳಿಯ ಪದರಗಳ ನಡುವಿನ ತೆಳು ಪೊರೆಯಂಥದು, ಬೂದುಬಣ್ಣದ್ದು, ಬೆಳಕು ತಾಗಿದ ಕಡೆ ಹೊಳೆಯುತ್ತಿತ್ತು. ಅವರು ಜೀವನವಿಡೀ ಅಳೆದ ಯಾವುದೂ ಇಷ್ಟು ತೆಳ್ಳಗಿರಲಿಲ್ಲ. ಇಷ್ಟೇ ಎಂದುಕೊಂಡರು. ಒಂದು ದೀಪ, ಒಂದು ಗಾಜು, ಒಂದು ನಿಮಿಷ. ನೋಡುವ ಜಾಗ ಒಂದಿತ್ತು, ನೋಡಬಹುದಿತ್ತು. ಕಣ್ಣು ಗಾಜಿನಿಂದ ಕೀಳಲು ಮನಸ್ಸು ಬರಲಿಲ್ಲ. ಮಗು ಒದ್ದ ಮೇಲೆ ಹಿಂದೆ ಸರಿದರು.

ಔಷಧಿ ಬರೆಯುತ್ತ ತಸ್ನೀಮ್, "ಮನೇಲಿ ಯಾರಿಗಾದ್ರೂ ಕಿವಿ ತೊಂದರೆ ಇದ್ಯಾ?" ಎಂದರು.

"ನನಗೆ ಎಡಗಿವಿ ಕೇಳಲ್ಲ ಡಾಕ್ಟ್ರೇ. ಹುಟ್ಟಿನಿಂದ್ಲೇ."

ಪೆನ್ನು ನಿಂತಿತು. "ಹೌದಾ? ಮೊದ್ಲೇ ಹೇಳ್ಬೇಕಿತ್ತು ನೀವು. ಹುಟ್ಟಿನಿಂದ ಅಂದ್ರೆ ವಂಶದಲ್ಲಿ ಬರೋದೂ ಇರತ್ತೆ. ಇದು ವಾಸಿಯಾದ್ಮೇಲೆ ಪಾಪುಗೂ ಒಂದ್ಸಲ ಪೂರ್ತಿ ಟೆಸ್ಟ್ ಮಾಡ್ಸೋಣ. ಬರ್ಕೊಡ್ತೀನಿ."

ಭಾವನಾ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅವಳ ಮುಖದಲ್ಲಿ ಬಂದದ್ದನ್ನು ವೇಣುಗೋಪಾಲರು ಪಕ್ಕದಿಂದ ನೋಡಿದರು: ತನ್ನಿಂದ ಮಗುವಿಗೆ ಏನೋ ಹೋಗಿರಬಹುದು ಎಂಬ ಭಯ, ಅದರ ಹಿಂದೆಯೇ ನಾಚಿಕೆ. ತಪ್ಪಿತಸ್ಥಳ ನಾಚಿಕೆ. ಅದು ಅವರದು. ಅವಳ ಮುಖಕ್ಕೆ ಹೋಗಿ ಕೂತಿತ್ತು. ಈಗಲೇ ಹೇಳಬೇಕು, ಹುಟ್ಟಿನಿಂದ ಅಲ್ಲ ಎಂದು, ಎರಡೇ ಪದ. ಬಾಯಿ ತೆರೆದರು. "ಔಷಧಿ ಊಟಕ್ಕೆ ಮುಂಚೇನೋ ಆಮೇಲೋ?" ಎಂದು ಕೇಳಿದರು.

ಮೆಡಿಕಲ್ ಶಾಪಿನ ಮುಂದೆ ಹೊಂಗೆ ಮರದಡಿ ಒಂದು ಕಲ್ಲುಬೆಂಚು. ಎರಡು ಅಡ್ಡರಸ್ತೆಯ ದಾರಿಗೂ ಭಾವನಾ ಕ್ಯಾಬ್ ಕರೆದಿದ್ದಳು, ಬಿಸಿಲಿದೆ ಎಂದು. ಏಳು ನಿಮಿಷ ತೋರಿಸ್ತಿದೆ ಎಂದಳು. ಔಷಧಿಯ ಮೊದಲ ತೊಟ್ಟು ಕುಡಿದ ಧನುಶ್ರೀ ಅವಳ ಎದೆಗೆ ಒರಗಿ ಆಫೀಸ್ ಕಾರ್ಡನ್ನು ಎಡಗಡೆಯಿಂದ ಕಚ್ಚುತ್ತಿದ್ದಳು. ವೇಣುಗೋಪಾಲರು ಎಂದಿನಂತೆ ಮಗಳ ಎಡಗಡೆ ಕೂತರು.

"ಸಾರಿ ಅಪ್ಪ," ಎಂದಳು ಭಾವನಾ, ರಸ್ತೆಯ ಕಡೆ ನೋಡುತ್ತ. "ಬೆಳಿಗ್ಗೆ ಹಂಗಂದೆ. ನೀನಿಲ್ದಿದ್ರೆ ಸಂಜೆವರೆಗೂ ಹಲ್ಲು ಅಂತಾನೇ ಇರ್ತಿದ್ವಿ. ಆ ಡೇಕೇರ್ ಕಾಗದ ಹೋಗಿ ಬಿಸಾಕ್ತೀನಿ."

ಬೇಕಿದ್ದದ್ದೆಲ್ಲ ಸಿಕ್ಕಿಬಿಟ್ಟಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಳೆ ಬೆಳಿಗ್ಗೆ ಎಂಟಕ್ಕೆ ಮಗು ಮತ್ತೆ ಕೈಗೆ ಬರುತ್ತದೆ. ಕ್ಯಾಬ್ ಐದು ನಿಮಿಷಕ್ಕೆ ಇಳಿದಿತ್ತು. ಭಾವನಾ ಮಗುವಿನ ಎಡಗಿವಿಯ ಹತ್ತಿರ ಬೆರಳು ತಂದು ಚಿಟಿಕೆ ಹೊಡೆದಳು, ಮಗು ತಿರುಗುತ್ತದೆಯೇ ಎಂದು ನೋಡಲು. ತಿರುಗಿತು. ಬಲಗಡೆ ಹೊಡೆದಳು. ತಿರುಗಲಿಲ್ಲ. ಮತ್ತೆ ಹೊಡೆದಳು. ಅವಳಿಗೆ ಗೊತ್ತಿಲ್ಲದಂತೆ ಅವಳೂ ಮೂರು ಸಲ ಹೊಡೆದಳು. ವೇಣುಗೋಪಾಲರು ಎದ್ದರು. ಬೆಂಚನ್ನು ಸುತ್ತಿಕೊಂಡು ಬಂದು ಅವಳ ಬಲಗಡೆ ಕೂತರು.

"ಬಿಸಿಲಾ ಆ ಕಡೆ?" ಎಂದಳು.

"ಅಲ್ಲ. ನೀನು ಹುಟ್ಟಿದಾಗ ನಿನಗೆ ಎರಡು ಕಿವೀನೂ ಕೇಳ್ತಿತ್ತು."

ಚಿಟಿಕೆಗೆ ಎತ್ತಿದ ಬೆರಳು ಹಾಗೇ ನಿಂತಿತು.

ಅವರು ಹೇಳಿದರು. ಯಶವಂತಪುರದ ಮನೆ, ನಾಲ್ಕು ದಿನದ ಜ್ವರ, ಅಮ್ಮ ಮೂರು ಸಲ ಡಾಕ್ಟರ ಹತ್ತಿರ ಹೋಗೋಣ ಎಂದದ್ದು, ತಾವು ಹಲ್ಲು ಎಂದದ್ದು, ಬೆಳ್ಳುಳ್ಳಿ ಎಣ್ಣೆ, ಚಮಚ. ಶಾಲೆಯಲ್ಲಿ ಹೇಳಿದ ಸುಳ್ಳು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಚಿಕ್ಕದನ್ನು ಇಷ್ಟು ವರ್ಷ ಹೊತ್ತಿದ್ದೆನೇ ಎಂದು ಅವರಿಗೇ ವಿಚಿತ್ರವೆನಿಸಿತು. "ವಂಶದ್ದಲ್ಲ. ನಿನ್ನಿಂದ ಇವಳಿಗೆ ಏನೂ ಬಂದಿಲ್ಲ. ಡಾಕ್ಟ್ರಿಗೂ ನಾನೇ ಹೋಗಿ ಹೇಳ್ತೀನಿ," ಎಂದು ಮುಗಿಸಿದರು. ದಿಂಬಿನ ವಿಷಯ ಹೇಳಲಿಲ್ಲ. ಅದು ಬೇಕಿಲ್ಲ ಎಂದುಕೊಂಡರು.

ಭಾವನಾ ಎತ್ತಿದ್ದ ಬೆರಳನ್ನು ಇಳಿಸಿದಳು. ಅಳುತ್ತಾಳೇನೋ, ಎದ್ದು ಹೋಗುತ್ತಾಳೇನೋ ಎಂದು ಅವರು ಕಾದರು. ಅವಳ ಮುಖದಲ್ಲಿದ್ದದ್ದು ಬೇರೆ. ಕಾರ್ಖಾನೆಯಲ್ಲಿ ಕೆಟ್ಟ ಉಪಕರಣ ಮೇಜಿಗೆ ಬಂದಾಗ ತಮ್ಮ ಮುಖ ಹೀಗಿರುತ್ತಿತ್ತು ಎಂದು ಅವರಿಗೆ ಅನ್ನಿಸಿತು.

"ಮನೇಲಿ ಟಾರ್ಚ್ ಇರ್ಲಿಲ್ವಾ?" ಎಂದು ಕೇಳಿದಳು.

"ಇತ್ತು."

"ಭೂತಗಾಜು?"

"ಅದೂ ಇತ್ತು. ಫ್ಯಾಕ್ಟರಿದು, ಚೀಲದಲ್ಲೇ ಇರ್ತಿತ್ತು."

ಅವಳು ತಲೆಯಾಡಿಸಿದಳು. ಕ್ಷಮಿಸಿದ್ದೇನೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಕ್ಯಾಬ್ ಬಂದು ನಿಂತಿತು. ವೇಣುಗೋಪಾಲರು ಡ್ರೈವರ್ ಪಕ್ಕದ ಬಾಗಿಲಿಗೆ ಕೈ ಹಾಕಿದರು.

"ಹಿಂದೆ ಕೂತ್ಕೋ," ಎಂದಳು ಭಾವನಾ. "ನೀನು ಮೊದ್ಲು ಹತ್ತು, ಆ ಕಡೆ ಸರಿ."

ಅವರು ಹತ್ತಿ ಬಲಗಡೆಯ ಕಿಟಕಿಯವರೆಗೆ ಸರಿದರು. ಅವಳು ಮಗುವನ್ನು ಎತ್ತಿಕೊಂಡು ಹತ್ತಿ ಎಡಗಡೆ ಕೂತು ಬಾಗಿಲು ಹಾಕಿದಳು. ಈಗ ಅವಳ ಬಲಗಿವಿ ಅವರ ಕಡೆಗಿತ್ತು. ಧನುಶ್ರೀ ಇಬ್ಬರ ನಡುವೆ ಕೈ ಚಾಚಿ ತಾತನ ಬೆರಳನ್ನು ಹುಡುಕಿ ಬಾಯಿಗೆ ಎಳೆದುಕೊಂಡಳು. ಡ್ರೈವರ್ ಒಟಿಪಿ ಕೇಳಿದ, ಅವಳು ಹೇಳಿದಳು, ಗಾಡಿ ಹೊರಟಿತು.

"ಏನೋ ಬಿಟ್ಟಿದೀಯ," ಎಂದಳು. "ಇನ್ನೊಂದ್ಸಲ ಹೇಳು. ಮೊದಲಿಂದ."

ವೇಣುಗೋಪಾಲರು ದಿಂಬಿನಿಂದ ಶುರುಮಾಡಿದರು.